ಎರಡು ಸೇರು ಉಪ್ಪು

ಪುಸ್ತಕ ಕೈಗೆ ಬಂದರೆ ಲೋಕದವರೆಲ್ಲ ಮುಖಪುಟ ನೋಡುತ್ತಾರೆ. ನಾನು ಮಾತ್ರ ಶೀರ್ಷಿಕೆಯ ಹಾಳೆಯ ಬೆನ್ನು ತಿರುಗಿಸಿ 'ಮೊದಲ ಮುದ್ರಣ, ಪ್ರತಿಗಳು ಒಂದು ಸಾವಿರ' ಎಂಬ ಸಾಲನ್ನು ಹುಡುಕುತ್ತೇನೆ. ವಿಶ್ವವಿದ್ಯಾಲಯದ ಪ್ರಸಾರಾಂಗದ ಹಳೆಯ ಪ್ರಕಟಣೆಗಳೆಂದರೆ ನನಗೆ ಪ್ರಾಣ. ಆ ಹಾಳೆ ಗೆದ್ದಲಿನ ಪಾಲಾಗಿದ್ದರೂ ಅಂಜುವವನಲ್ಲ. ಮುನ್ನುಡಿ ಬರೆದ ಕುಲಪತಿಗಳು ಯಾರೆಂದು ನೋಡಿದರಾಯಿತು. ಎರಡನೆಯ ಮುದ್ರಣ ಬರುವಷ್ಟರಲ್ಲಿ ಕುಲಪತಿಗಳೂ ಬದಲಾಗಿರುತ್ತಾರೆ, ಹೊಸಬರು ಮುನ್ನುಡಿಯ ಅವಕಾಶ ಬಿಡುವುದುಂಟೇ? ಅದೂ ಇಲ್ಲದಿದ್ದರೆ ಒಪ್ಪೋಲೆ ಇದ್ದೇ ಇದೆ. 'ಓದುವ ಮುನ್ನ ಕೆಳಗಿನ ತಪ್ಪುಗಳನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ' ಎಂದು ಓದುಗನಿಗೇ ಕೆಲಸ ಹಚ್ಚುವ ಆ ಬಿಡಿ ಚೀಟಿ ಮೊದಲ ಮುದ್ರಣದ ಸೊತ್ತು. ಮರುಮುದ್ರಣದಲ್ಲಿ ತಪ್ಪುಗಳೂ ಹೋಗಿ ಚೀಟಿಯೂ ಹೋಗುತ್ತದೆ. ಈ ಶಾಸ್ತ್ರದಲ್ಲಿ ವಿದ್ಯಾರಣ್ಯಪುರದಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ. ಸ್ಪರ್ಧೆಗೆ ಇನ್ನೊಬ್ಬರಿರಲಿಲ್ಲ ಎನ್ನುವುದು ಬೇರೆ ಮಾತು.

ಮೊನ್ನೆ ಮನೆಗೆ ಬಣ್ಣ ಹೊಡೆಸಲೆಂದು ಕಪಾಟು ಬರಿದು ಮಾಡಿದಾಗ, ಹಳ್ಳಿಯ ಅಡುಗೆಗಳ ಕುರಿತ ಒಂದೇ ಪುಸ್ತಕದ ಎರಡು ಪ್ರತಿಗಳು ಸಿಕ್ಕವು. ಎರಡಕ್ಕೂ ಮೊದಲ ಹಾಳೆಗಳಿಲ್ಲ, ಎರಡರಲ್ಲೂ ಚೀಟಿಯಿಲ್ಲ. ಒಂದು ಶುಭ್ರವಾಗಿತ್ತು. ಇನ್ನೊಂದು, ಮದುವೆಯಾದ ಹೊಸತರಲ್ಲಿ ಹಳೆ ಪುಸ್ತಕದಂಗಡಿಯಿಂದ ಒಂದು ಕಟ್ಟಿನ ಜೊತೆ, ಬಿಡಿಸಿಯೂ ನೋಡದೆ ತಂದದ್ದು. ಪುಟಪುಟಕ್ಕೂ ನೀಲಿ ಶಾಯಿಯ ಗೀಟು. ಅದರ ಹಿಂದಿನ ಒಡೆಯನನ್ನು 'ಅರಸಿಕ ಶಿಖಾಮಣಿ' ಎಂದು ಮೂವತ್ತು ವರ್ಷ ಬೈದಿದ್ದೇನೆ. ಶಾಸ್ತ್ರದ ಕುರುಹೊಂದೂ ಸಿಗದೆ, ಶುಭ್ರವಾದದ್ದಕ್ಕೇ ಮೊದಲ ಮುದ್ರಣದ ಪಟ್ಟ ಕಟ್ಟಿ, ಗೀಚಿದ್ದನ್ನು ಪಾರ್ಕಿನ ವಾಚನಾಲಯಕ್ಕೆ ಕೊಡುವ ಚೀಲಕ್ಕೆ ಹಾಕಿದೆ.

ನನ್ನಾಕೆ ಚಿಕ್ಕಜಾಲದ ರೈತರ ಮನೆಯವಳು. ಚೀಲದಿಂದ ಅದನ್ನು ತೆಗೆದು ಎದೆಗವಚಿಕೊಂಡು ನಿಂತಳು.

"ಇದನ್ನ ಕೊಡಕ್ಕಿಲ್ಲ. ಇದರಾಗೆ ಗೀಚಿದ್ದು ನಾನೇ ಕಣ್ರೀ."

ಕೈಯಲ್ಲಿದ್ದ ಶುಭ್ರ ಪ್ರತಿಯನ್ನು ಕೆಳಗಿಟ್ಟೆ.

"ನೀವು ಪುಸ್ತಕ ತಂದಿಟ್ಟು ಕಾಲೇಜಿಗೆ ಓಗಿದ್ರಿ. ಒಳಗೆ ಚೀಟಿ ಇತ್ತು, ತಿದ್ಕೊಳ್ಳಿ ಅಂತ. ಒಂದು ಮಡಕೆ ಸಾರಿಗೆ ಎರಡು ಸೇರು ಉಪ್ಪು ಅಂತ ಅಚ್ಚಾಗಿತ್ತು! ನೀವು ಅದನ್ನೇ ಓದಿ ಇಂಗೇ ಮಾಡು ಅಂದ್ರೆ ಏನ್ ಗತಿ? ಕೂತ್ಕೊಂಡು ಎಲ್ಲಾ ತಿದ್ದಿ ಚೀಟಿನ ಒಲೆಗೆ ಆಕ್ದೆ. ಸಾಯಂಕಾಲ ಬಂದು 'ಯಾವ ಅಯೋಗ್ಯ ಗೀಚಿದ್ದು' ಅಂತ ಕೂಗಾಡಿದ್ರಲ್ಲ, ಎದರ್ಕೊಂಡು ಸುಮ್ನಾದೆ."

ಎರಡನ್ನೂ ಬಿಡಿಸಿ ನೋಡಿದೆ. ಶುಭ್ರ ಪ್ರತಿಯಲ್ಲಿ 'ಎರಡು ಚಮಚ' ಎಂದೇ ಅಚ್ಚಾಗಿದೆ, ಅಂದರೆ ಮರುಮುದ್ರಣ. ಅವಳದರಲ್ಲಿ 'ಸೇರು' ಹೊಡೆದುಹಾಕಿ, ಮೇಲೆ ಗುಂಡಗಿನ ನೀಲಿ ಅಕ್ಷರದಲ್ಲಿ 'ಚಮಚ'. ನಾನು ಊರೆಲ್ಲ ಅರಸಿದ ಮೊದಲ ಮುದ್ರಣ ಮೂವತ್ತು ವರ್ಷ ನನ್ನ ಬೈಗುಳ ತಿನ್ನುತ್ತ ಮನೆಯಲ್ಲೇ ಕೂತಿತ್ತು. ತಿದ್ದಿದವಳೂ ಜೊತೆಗೇ ಇದ್ದಳು. ಪಂಡಿತನಿಗೆ ನಾಚಿಕೆಯಾಯಿತು, ಗಂಡನಿಗೆ ಹೇಳಲಾರದಷ್ಟು ಸಂತೋಷವಾಯಿತು.

ಶುಭ್ರ ಪ್ರತಿ ವಾಚನಾಲಯ ಸೇರಿತು. ಈಗಲೂ ಪುಸ್ತಕ ಸಿಕ್ಕರೆ ಮೊದಲ ಹಾಳೆಯ ಬೆನ್ನನ್ನೇ ತಿರುಗಿಸುತ್ತೇನೆ. ಆದರೆ ಒಳಗೆ ಯಾರದೋ ಗೀಟು ಕಂಡರೆ, ಇದನ್ನು ಯಾರಿಗಾಗಿ ಕೂತು ತಿದ್ದಿದರೋ ಎಂದು ಆ ಗೀಟಿನ ಮೇಲೆ ಬೆರಳಾಡಿಸುತ್ತೇನೆ. ಹಳೆಯ ಚಾಳಿಯಲ್ಲಿ ಬೈಯಲು ಬಾಯಿ ತೆರೆದೆನೋ, ಅಡುಗೆಮನೆಯಿಂದ ಕೂಗು ಬರುತ್ತದೆ:

"ಸಾರಿಗೆ ಎರಡು ಸೇರು ಆಕ್ಲಾ?"