ರಾಶಿಗೆ ಬಿದ್ದ ಕೊಬ್ಬರಿ

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ನೀರೆಲ್ಲ ಇಂಗಿದ ಮೇಲೆ ಒಳಗೆ ಉಂಡೆ ಕೊಬ್ಬರಿ ಸಿಗುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಚೊಚ್ಚಲ ಹೆರಿಗೆಗೆಂದು ತಿಪಟೂರಿನ ಬಳಿಯ ತವರಿಗೆ ಬಂದಿದ್ದೆ. ನಮ್ಮ ಮನೆಯಲ್ಲಿ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಹೆಂಗಸು ಮಗುವನ್ನು ನೋಡಲು ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕೊಬ್ಬರಿಯನ್ನು ನನ್ನ ಕೈಗಿಟ್ಟಳು. ಬಾಣಂತಿಗೆ ಕೊಬ್ಬರಿ ಒಳ್ಳೆಯದು, ನಿಜ. ಆದರೆ ಅಟ್ಟದ ತುಂಬ ಅದೇ ಇರುವ ಮನೆಗೆ ಕೊಬ್ಬರಿಯೇ? ನನಗೆ ನಗು ಬಂತು. ಆ ನಗುವಿಗಿಷ್ಟು ಬೆಂಕಿ ಹಾಕ!

"ನಮ್ಮನೇಲಿ ಇಲ್ವಾ?" ಎನ್ನುತ್ತ ಅವಳೆದುರೇ ಅದನ್ನು ಬಾಗಿಲಾಚೆ ಬಿಡಿಸಿ ಹಾಕಿದ್ದ ಕೊಬ್ಬರಿ ರಾಶಿಗೆ ಎಸೆದೆ. ಅವಳು ಮಗುವಿನ ಕೆನ್ನೆ ಸವರಿ ಹೋದಳು.

ಸಂಜೆ ತೋಟದಿಂದ ಬಂದ ಅಮ್ಮ ವಿಷಯ ಕೇಳಿ ನನ್ನ ಪಕ್ಕ ಬಂದು ಕುಳಿತಳು. "ಅವಳ ಗುಡಿಸಲ ಹಿಂದೆ ಇರೋದು ಒಂದೇ ಮರ ಕಣೇ. ನೀನು ಮದ್ವೆಯಾಗಿ ಹೋದಾಗ್ಲೇ ಒಂದು ಕಾಯಿ ಎತ್ತಿಟ್ಟಿದ್ಲು, ನಿನ್ನ ಬಾಣಂತನಕ್ಕೆ ಅಂತ."

ಬಾಣಂತಿ ಕೋಣೆ ದಾಟಬಾರದೆಂದರೂ ಕೇಳದೆ ರಾಶಿಯ ಮುಂದೆ ಕುಳಿತೆ. ಒಂದೊಂದನ್ನೇ ಎತ್ತಿ ಅವಳ ಗುಡಿಸಲಿನ ಹೊಗೆ ವಾಸನೆ ಹುಡುಕಿದೆ. ಎಲ್ಲವೂ ಒಂದೇ ಥರ ಇದ್ದವು.

ಮಾರನೆಯ ದಿನ ಕೊಬ್ಬರಿಯನ್ನು ಮೂಟೆ ಕಟ್ಟಲು ಬಂದವಳು ಅವಳೇ. "ನೀನು ಕೊಟ್ಟಿದ್ದು ಯಾವ್ದು, ತೋರ್ಸು," ಎಂದು ಅಂಗಲಾಚಿದೆ.

ಅವಳು ರಾಶಿಯ ಕಡೆ ನೋಡಲೂ ಇಲ್ಲ.

"ಬುಡವ್ವ, ಎಲ್ಲಾ ನಿಮ್ಮವೇ," ಎಂದು ಮೂಟೆಯ ಬಾಯಿ ಹೊಲಿಯತೊಡಗಿದಳು.