ಪೂಜೆ ಹೆಚ್ಚಾದ ಹೊಲಿಗೆ ಯಂತ್ರ

"ಅಲ್ರೀ ಟೈಲರ್ರೇ, ಮಿಷನ್‌ಗೆ ವಯಸ್ಸಾಗಿಲ್ಲ, ಪೂಜೆ ಜಾಸ್ತಿ ಆಗೈತೆ!"

ನನ್ನ ಹೊಲಿಗೆ ಯಂತ್ರ ಕೊಳ್ಳಲು ಬಸವಾಪಟ್ಟಣದಿಂದ ಹೊನ್ನಾಳಿಗೆ ಬಂದಿದ್ದ ಸಾಬರು ಅದನ್ನು ಮಗುಚಿ ನೋಡಿ ನಕ್ಕರು. ಎಷ್ಟು ತುಳಿದರೂ ಓಡದ ಯಂತ್ರ ಮುದಿಯಾಯಿತೆಂದು ಮಾರಲು ಹೊರಟಿದ್ದೆ. ಪ್ರತಿ ಆಯುಧಪೂಜೆಗೆ ವಿಭೂತಿ, ಕುಂಕುಮ ಬಳಿದು, ದೀಪದ ಹರಳೆಣ್ಣೆಯನ್ನೇ ಅದರ ತೂತುಗಳಿಗೂ ಬಿಡುತ್ತಿದ್ದವನು ನಾನೇ. ಎಲ್ಲವೂ ನೂಲಿನ ಧೂಳಿನೊಂದಿಗೆ ಅಂಟಾಗಿ ಕೂತಿತ್ತು.

ಸಾಬರು ಸೀಮೆಎಣ್ಣೆಯಲ್ಲಿ ತೊಳೆದು ಮಿಷನ್ ಎಣ್ಣೆ ಬಿಟ್ಟರು. ಚಕ್ರ ಗರ್ರನೆ ತಿರುಗಿತು. "ಈಗ ಮಾರಾಕೆ ಮನಸ್ಸು ಬರ್ತೈತೇನ್ರೀ?" ಎಂದರು. ಬರಲಿಲ್ಲ. ಅವರು ಬರಿಗೈಲಿ ಬಸ್ಸು ಹತ್ತಿದರು.

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟರೂ ಕಸುಬಿನಲ್ಲಿ ನನಗೆ ಯಾರ ಪಾಠವೂ ಬೇಡ ಎನ್ನುತ್ತಿದ್ದೆ. ಈಗ ಆಯುಧಪೂಜೆಯ ಕುಂಕುಮವನ್ನು ಯಂತ್ರದ ಮೇಜಿಗೆ ಮಾತ್ರ ಇಡುತ್ತೇನೆ.