ತಮ್ಮನ ಜೊತೆ ಮಾತಾಡಲು ತಂದ ಫೋನು

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಗಿಣಿಗೇರಾದ ಹತ್ತಿರ ಉಕ್ಕಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದಿದ್ದಾನೆ. ನಾನು, ಅವ್ವ ಕುಷ್ಟಗಿಯಲ್ಲಿದ್ದೇವೆ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ರವಿಕೆಗಳನ್ನು ಹೊಲಿಯುತ್ತೇನೆ.

ಸಂಜೆ ಪಾಳಿ ಮುಗಿಸಿ ಅವನು ವಿಡಿಯೋ ಕರೆ ಮಾಡುತ್ತಾನೆ. ನಾವು ಕೈಯಲ್ಲಿ ಮಾತಾಡುತ್ತೇವೆ. ಯಾವ ಶಾಲೆಯೂ ಕಲಿಸದ, ನಮ್ಮ ಮನೆಯಲ್ಲೇ ಹುಟ್ಟಿದ ಸನ್ನೆಗಳು. ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ, ಅವಳ ಮೂಗುತಿಯಿಂದ ಬಂದದ್ದು. ಗಾಳಿಯಲ್ಲಿ ದಾರ ಎಳೆದರೆ ನಾನು. ಓದು ಅವನಿಗೆ ಅಷ್ಟಕ್ಕಷ್ಟೇ, ಹಾಗಾಗಿ ಬರೆದು ಕಳಿಸಿದರೆ ಪ್ರಯೋಜನವಿಲ್ಲ.

ನನ್ನ ಹಳೆಯ ಫೋನಿನ ಕ್ಯಾಮೆರಾ ಮಂಜಾಗುತ್ತಾ ಬಂದಿತ್ತು. ನನ್ನ ಬೆರಳುಗಳು ಅವನಿಗೆ ಒಂದು ಮುದ್ದೆಯಂತೆ ಕಾಣುತ್ತಿದ್ದವು. ನಾನು ಒಂದು ಹೇಳಿದರೆ ಅವನು ಇನ್ನೊಂದು ತಿಳಿದು ಸಿಟ್ಟಾಗುತ್ತಿದ್ದ. ಕೊನೆಗೆ ಅವನೇ, ಆಗಷ್ಟೇ ಬಿಡುಗಡೆಯಾಗಿದ್ದ ಒಂದು ಫೋನಿನ ಚಿತ್ರ ಕಳಿಸಿ, ಇದನ್ನೇ ತಗೋ ಎಂದು ಎದೆ ತಟ್ಟಿ ಹೇಳಿದ. ತನ್ನ ಉಳಿತಾಯದಿಂದ ದುಡ್ಡನ್ನೂ ಹಾಕಿದ.

ಕುಷ್ಟಗಿಯ ಅಂಗಡಿಗಳಲ್ಲಿ ಅದು ಇನ್ನೂ ಬಂದಿರಲಿಲ್ಲ. ಗಂಗಾವತಿಯಲ್ಲಿ ಒಂದು ಕಡೆ ಇದೆ ಎಂದು ತಿಳಿದು ಬಸ್ ಹತ್ತಿದೆ. ಅಂಗಡಿಯ ಮಾಲೀಕರು ಗಡ್ಡ ನೆರೆತ ಸಾಹೇಬರು, ಮೆತ್ತಗೆ ಮಾತಾಡುವವರು. "ಹಳೇದು ಕೊಟ್ಟುಬಿಡ್ರಿ ಅಕ್ಕಾ, ರೇಟ್ ಕಡಿಮಿ ಆಗತೈತಿ," ಅಂದರು. ನಾನು ಒಪ್ಪಿದೆ. ಹಳೆಯದರಲ್ಲಿದ್ದ ಫೋಟೋಗಳನ್ನು ಹೊಸದಕ್ಕೆ ಎತ್ತಿ, ಹಳೆಯದನ್ನು ನನ್ನ ಎದುರೇ ಖಾಲಿ ಮಾಡಿದರು. ಆಮೇಲೆ ಸಿಮ್ ಹಾಕಲು ಹೋದರೆ ಹಿಡಿಸಲಿಲ್ಲ. ನನ್ನದು ಹಳೆಯ ಕಾಲದ ದೊಡ್ಡ ಸಿಮ್ಮು.

"ಫಿಕರ್ ಮಾಡಬ್ಯಾಡ್ರಿ, ಕತ್ತರಿಸಿದ್ರ ಕುಂದರತೈತಿ," ಎಂದು ಚಿಕ್ಕ ಯಂತ್ರದಲ್ಲಿಟ್ಟು ಒತ್ತಿದರು. ಸಿಮ್ ಒಳಗೆ ಕೂತಿತು. ಆದರೆ ಪರದೆಯ ಮೇಲೆ 'ಸಿಮ್ ಇಲ್ಲ' ಎಂದು ಬಂತು. ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದರು. ಮತ್ತೆ ಅದೇ.

ಅವರ ಮುಖ ಸಣ್ಣಗಾಯಿತು. "ಎಷ್ಟೋ ಮಂದೀದು ಕತ್ತರಿಸೀನ್ರಿ ಅಕ್ಕಾ, ಹಿಂಗ ಆಗಿದ್ದಿಲ್ಲ. ನಾಳೆ ಕೊಪ್ಪಳಕ್ಕ ಹೋಗಿ ಕಂಪನಿ ಆಫೀಸಿನ್ಯಾಗ ಹೊಸ ಸಿಮ್ ತಗೋರ್ರಿ, ಅದ ನಂಬರ್ ಕೊಡ್ತಾರ."

ಅವತ್ತು ಸಂಜೆ ಹೊಸ ಫೋನನ್ನು ಯಂತ್ರದ ಮೇಲಿಟ್ಟುಕೊಂಡು ಕೂತೆ. ಅದು ಭಾಷೆ ಕೇಳಿತು, ಊರು ಕೇಳಿತು, ಬೆರಳು ಕೇಳಿತು, ಕೊನೆಗೆ ನಿಮ್ಮ ನಂಬರಿಗೆ ಒಂದು ಸಂಕೇತ ಕಳಿಸಿದ್ದೇವೆ, ಅದನ್ನು ಬರೆಯಿರಿ ಎಂದಿತು. ಆ ನಂಬರ್ ಸತ್ತಿತ್ತು. ತಮ್ಮ ಅಲ್ಲಿ ಕರೆ ಮಾಡುತ್ತಲೇ ಇರುತ್ತಾನೆ ಎಂದು ಗೊತ್ತಿತ್ತು. ಅವನ ಜೊತೆ ಕೆಲಸ ಮಾಡುವವರ ನಂಬರುಗಳೆಲ್ಲ ಹಳೆಯ ಸಿಮ್ಮಿನಲ್ಲೇ ಉಳಿದಿದ್ದವು. ತಮ್ಮನ ನಂಬರ್ ಒಂದೇ ನನಗೆ ಬಾಯಿಪಾಠ. ಆದರೆ ಕಿವಿ ಕೇಳದವನಿಗೆ ಪಕ್ಕದ ಮನೆಯ ಗುಂಡಿ ಫೋನಿನಿಂದ ಕರೆ ಮಾಡಿ ಏನು ಹೇಳಲಿ?

ಮರುದಿನ ಕೊಪ್ಪಳದ ಆಫೀಸಿನಲ್ಲಿ ಸಾಲು ಹಚ್ಚಿದೆ. ಗಾಜಿನ ಹಿಂದಿದ್ದ ಹುಡುಗಿ ನಂಬರ್ ಒತ್ತಿ ನೋಡಿ, "ಇದು ನಿಮ್ಮ ಹೆಸರಿಲೆ ಇಲ್ರಿ," ಅಂದಳು.

"ನಮ್ಮಪ್ಪನ ಹೆಸರಿಲೆ ಐತ್ರಿ."

"ಹಂಗಾದ್ರ ಅವ್ರನ್ನ ಕರ್ಕೊಂಡು ಬರ್ರಿ. ಕ್ಯಾಮೆರಾ ಮುಂದ ಕುಂತು ಕಣ್ಣು ಮಿಟುಕಿಸಬೇಕು."

"ಅಪ್ಪ ತೀರಿಕೊಂಡು ಭಾಳ ವರ್ಷ ಆತ್ರಿ."

ಪಾಪ, ಒಳ್ಳೆಯ ಹುಡುಗಿ. "ಏನ್ ಮಾಡ್ಲಿರಿ, ಇದು ಜೀವಂತ ಮುಖಾನ ಬೇಕಂತೈತಿ. ಮರಣದ ಕಾಗದ, ವಾರಸುದಾರರ ಕಾಗದ ಎಲ್ಲಾ ತಂದ್ರ ಮ್ಯಾಲಿನವ್ರಿಗೆ ಕಳಿಸ್ತೀವಿ. ಆಗತೈತಿ ಅಂತ ನಾ ಹೇಳಂಗಿಲ್ಲ."

ಹಿಂದೆ ನಿಂತವರು ಮುಂದೆ ಸರಿಯಿರಿ ಎಂದು ಗೊಣಗುತ್ತಿದ್ದರು. ಅಪ್ಪ ಇಲ್ಲದೆ ನಾವು ಎಷ್ಟೋ ಕೆಲಸ ಮಾಡಿಕೊಂಡು ಬಂದಿದ್ದೆವು. ಆದರೆ ಅವತ್ತು ಆ ಗಾಜಿನ ಮುಂದೆ ಅವನು ಇವತ್ತೇ ಹೋದನೇನೋ ಅನ್ನಿಸಿತು. ನನ್ನ ಹೆಸರಿನಲ್ಲೇ ಹೊಸ ನಂಬರ್ ತೆಗೆದುಕೊಂಡೆ. ಕ್ಯಾಮೆರಾ ಮುಂದೆ ನಾನು ಕಣ್ಣು ಮಿಟುಕಿಸಿದೆ. ಒಳಗಿದ್ದ ನೀರಿಗೋ ಏನೋ, ಮೊದಲ ಸಲ ಅದು ನನ್ನನ್ನೂ ಒಪ್ಪಲಿಲ್ಲ.

ಗಿಣಿಗೇರಾ ಅಲ್ಲಿಂದ ಹತ್ತಿರವೇ. ಆದರೆ ಅವನು ಪಾಳಿಯಲ್ಲಿರುವ ಹೊತ್ತು, ಸಂಜೆ ಹೇಗೂ ಮಾತಾಡಬಹುದಲ್ಲ ಎಂದು ಊರ ದಾರಿ ಹಿಡಿದೆ.

ಸಂಜೆ ಫೋನಿಗೆ ಜೀವ ಬಂತು. ಅವ್ವ ಓಡಿಬಂದು ಪಕ್ಕ ಕೂತಳು. ವಿಡಿಯೋ ಕರೆ ಮಾಡಿದೆ. ಅವನು ಕತ್ತರಿಸಿದ. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದ. ಆಮೇಲೆ ಕರೆ ಹೋಗುವುದೇ ನಿಂತಿತು. ಹಿಂದೆ ಯಾರೋ ಗುರುತಿಲ್ಲದವರು ವಿಡಿಯೋ ಕರೆ ಮಾಡಿ ಅವನನ್ನು ಹೆದರಿಸಿದ್ದರು. ಗೊತ್ತಿಲ್ಲದ ನಂಬರ್ ಬಂದರೆ ಎತ್ತಬೇಡ, ಬ್ಲಾಕ್ ಮಾಡು ಎಂದು ಆಗ ಹೇಳಿಕೊಟ್ಟವಳು ನಾನೇ. ನಾನು ಹೇಳಿದಂತೆ ಕೇಳುವವನು ಅವನು.

"ಹೊಸಾ ಫೋನ್ ತಂದು ಏನ್ ಬಂತವಾ," ಅವ್ವ ಅಂದಳು. ಬಯ್ದದ್ದಲ್ಲ. ಅವಳಿಗೂ ದಿಕ್ಕು ತೋಚಿರಲಿಲ್ಲ.

ಬೆಳಗಾಗುತ್ತಲೇ ಹೊರಟು ಅವನ ಕೋಣೆಗೆ ಹೋದರೆ ಬೀಗ. ಮನೆಯ ಒಡತಿ ಅಂಗಳ ಗುಡಿಸುತ್ತಿದ್ದವಳು ನನ್ನನ್ನು ಕಂಡು ಪೊರಕೆ ಬಿಟ್ಟು ನಿಂತಳು. "ಅಯ್ಯ, ನೀವು ಅರಾಮ ಅದೀರಿ? ಡ್ಯೂಟಿ ಬಿಟ್ಟು ಈಗರ ಊರಿಗೆ ಹೋದ ನೋಡ್ರಿ. ಏನ್ ಆತೋ ತಮ್ಮಾ ಅಂದ್ರ ಹಿಂಗಿಂಗ ಮಾಡಿ ಅತ್ತ."

ಅವಳು ಮಾಡಿ ತೋರಿಸಿದಳು. ಬೆರಳಿನಿಂದ ಗಾಳಿಯಲ್ಲಿ ದಾರ ಎಳೆದಳು. ಆಮೇಲೆ ಅಂಗೈಯನ್ನು ಮುಖದ ಮೇಲಿಂದ ಕೆಳಕ್ಕೆ ಜಾರಿಸಿ ಕಣ್ಣು ಮುಚ್ಚಿಕೊಂಡಳು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಹೋದ ದಿನ ನಮ್ಮ ಮನೆಯಲ್ಲಿ ಹುಟ್ಟಿದ ಸನ್ನೆ ಅದು.

ನಾನು ಸತ್ತಿದ್ದೇನೆ ಎಂದುಕೊಂಡು ಅವನು ಬಸ್ಸಿನಲ್ಲಿ ಕೂತಿದ್ದ. ಕೈಯಲ್ಲಿ ಹೊಚ್ಚಹೊಸ ಫೋನು ಹಿಡಿದು ನಾನು ಅವನ ಬಾಗಿಲಲ್ಲಿ ನಿಂತಿದ್ದೆ.

ಕೊಪ್ಪಳಕ್ಕೆ ಬಂದಾಗ ಸಿಕ್ಕಿದ್ದು ಯಲಬುರ್ಗಾ ಮೇಲೆ ಸುತ್ತಿ ಹೋಗುವ ಬಸ್ಸು. ಅದು ಹಳ್ಳಿಹಳ್ಳಿಗೆ ನಿಂತಿತು. ಯಲಬುರ್ಗಾದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದರು. "ಲಗೂ ಬರ್ರಿ, ಮನ್ಯಾಗ ಅರ್ಜೆಂಟ್ ಐತಿ," ಎಂದು ಕಿಟಕಿಯಿಂದ ಕೂಗಿದೆ. "ಎಲ್ಲಾರಿಗೂ ಅರ್ಜೆಂಟ ಇರತೈತವ್ವಾ," ಅಂದರು.

ಮನೆಗೆ ಬಂದಾಗ ಅವನು ಅವ್ವನ ತೊಡೆಗೆ ಒರಗಿ ಕೂತಿದ್ದ. ನಾನು ಇದ್ದೇನೆ ಎಂದು ಅವ್ವ ಆಗಲೇ ತಿಳಿಸಿದ್ದಳು. ಆದರೂ ನನ್ನನ್ನು ನೋಡಿ ಎದ್ದು ಬಂದು ತೋಳು ಒತ್ತಿ ನೋಡಿದ, ಗಲ್ಲ ಮುಟ್ಟಿ ನೋಡಿದ. ಆಮೇಲೆ ಸಿಟ್ಟು ಬಂತು. ಅವನ ಕೈಗಳು ಎಷ್ಟು ಬೇಗ ಓಡಿದವೆಂದರೆ ಎದುರಿಗಿದ್ದೂ ನನಗೆ ಅರ್ಧ ತಿಳಿಯಲಿಲ್ಲ. ಗಂಗಾವತಿಯ ಕತ್ತರಿ, ಗಾಜಿನ ಹಿಂದಿನ ಹುಡುಗಿ, ಅಪ್ಪನ ಕಣ್ಣು, ಎಲ್ಲವನ್ನೂ ಕೈಯಲ್ಲೇ ಹೇಳಿದೆ. ಅಪ್ಪ ಕಣ್ಣು ಮಿಟುಕಿಸಬೇಕಂತೆ ಎಂದಾಗ ಅವನು ಗಕ್ಕನೆ ನಿಂತು, ಸದ್ದಿಲ್ಲದೆ ನಕ್ಕ. ನಗುತ್ತಾ ಅಲ್ಲೇ ಕುಸಿದು ಕೂತು ಅತ್ತ. ಮೂವರೂ ಅತ್ತೆವು.

ನನ್ನ ಹೊಸ ನಂಬರಿನ ಮೇಲಿದ್ದ ತಡೆ ತೆಗೆದು, ಅದರ ಪಕ್ಕ ನನ್ನ ಫೋಟೋ ಹಾಕಿಕೊಂಡು, ಉಂಡು, ಮಧ್ಯಾಹ್ನದ ಬಸ್ಸಿಗೆ ಹೋದ. ಕೋಣೆ ಮುಟ್ಟಿದ ಕೂಡಲೇ ಕರೆ ಮಾಡುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಸನ್ನೆ ಮಾಡಿದ.

ಅವನು ಮುಟ್ಟುವ ಹೊತ್ತಿಗೆ ಸರಿಯಾಗಿ ಫೋನು ತನ್ನಷ್ಟಕ್ಕೆ ತಾನೇ ಕಪ್ಪಾಯಿತು. ನಡುವೆ ಒಂದು ಬಿಳಿ ಚಕ್ರ ತಿರುಗತೊಡಗಿತು. ಹೊಸ ತಂತ್ರಾಂಶ ಹಾಕಲಾಗುತ್ತಿದೆ, ಫೋನ್ ಬಂದ್ ಮಾಡಬೇಡಿ ಎಂಬ ಅಕ್ಷರ ಕೆಳಗೆ ಮೂಡಿತು. ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ.

"ಅವ ಈಗ ಮಾಡ್ತಿರ್ತಾನಲ್ಲವಾ," ಅವ್ವ ಅಂದಳು.

"ಹೂಂನವಾ," ಅಂದೆ. ಇಬ್ಬರೂ ಆ ಚಕ್ರವನ್ನೇ ನೋಡುತ್ತಾ ಕೂತೆವು.